ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಲಾಸ್ ಆಫ್ ಪೊಲಾರಿಟಿ’ ಅಂತಿದ್ರೆ ಏನರ್ಥ?

ಮಾರೇನಹಳ್ಳಿ: ಬಾಯೊಳಗೆ ಬಿಳಿ ಮಚ್ಚೆ ಬಂದು ಬಯಾಪ್ಸಿ ಮಾಡಿಸಿದವರ ರಿಪೋರ್ಟ್‌ನಲ್ಲಿ ಕೆಲವೊಮ್ಮೆ ‘ಲಾಸ್ ಆಫ್ ಪೊಲಾರಿಟಿ’ ಅಂತ ಬರೆದಿರುತ್ತೆ. ಅಂದ್ರೆ, ಅಲ್ಲಿನ ಜೀವಕೋಶಗಳಿಗೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋ ದಿಕ್ಕು ತಪ್ಪಿದೆ.

ನಮ್ಮ ಅಂಗಡಿಗಳನ್ನೇ ನೋಡಿ. ಮುಂದೆ ರಸ್ತೆ, ಹಿಂದೆ ಗೋಡೌನ್, ಅಕ್ಕಪಕ್ಕ ಬೇರೆಯವರ ಗೋಡೆ. ಕರುಳಿನ ಒಳಪದರದ ಕೋಶವೂ ಹೀಗೇ. ಒಂದು ಮುಖದಿಂದ ಆಹಾರದ ಸತ್ವ ಹೀರಿ, ಇನ್ನೊಂದು ಮುಖದಿಂದ ರಕ್ತಕ್ಕೆ ಕೊಡುತ್ತೆ.

ಕೋಶಕ್ಕೆ ಈ ದಿಕ್ಕು ಗೊತ್ತಾಗೋದು ಹೇಗೆ? ಮಗು ಗರ್ಭದಲ್ಲಿ ಬೆಳೆಯುವಾಗಲೇ ಇದು ಶುರು. ತಳದ ತೆಳು ಹಾಸು ತಗುಲಿದ ಕಡೆ ‘ಕೆಳಗೆ’. ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನ್ ಪಕ್ಕದ ಕೋಶವನ್ನು ಹಿಡಿದುಕೊಂಡ ಕಡೆ ‘ಪಕ್ಕ’. ಏನೂ ತಗುಲದ ಕಡೆ ‘ಮೇಲೆ’. ಆಮೇಲೆ ಕೋಶದ ಒಳಗೆ ಪ್ರೋಟೀನ್‌ಗಳ ಗುಂಪುಗಳು ಜಾಗ ಹಂಚಿಕೊಳ್ಳುತ್ತವೆ. ಮೇಲ್ಗಡೆ ‘ಪಾರ್’ ಗುಂಪು, ಪಕ್ಕ ಮತ್ತು ಕೆಳಗಡೆ ‘ಸ್ಕ್ರಿಬಲ್’ ಗುಂಪು. ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಬಿಟ್ಟುಕೊಳ್ಳಲ್ಲ. ಅದರಿಂದಲೇ ಗಡಿ ಉಳಿಯುತ್ತೆ.

ಪಾರ್ ಜೀನ್‌ಗಳು ಪತ್ತೆಯಾಗಿದ್ದು 1988ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಹಣ್ಣಿನ ನೊಣದಲ್ಲಿ ಸ್ಕ್ರಿಬಲ್ ಗುಂಪು ಕೆಟ್ಟಾಗ ಕೋಶಗಳು ದಿಕ್ಕು ತಪ್ಪಿದ್ದಷ್ಟೇ ಅಲ್ಲ, ಗೆಡ್ಡೆ ಥರ ಬೆಳೆದವು ಅಂತ 2000ದಲ್ಲಿ ವಿಜ್ಞಾನಿಗಳು ತೋರಿಸಿದರು. ದಿಕ್ಕಿಗೂ ಬೆಳವಣಿಗೆಗೂ ನಂಟಿದೆ ಅನ್ನೋದು ಹೀಗೆ ಗೊತ್ತಾಯ್ತು.

ಈಗ ಬಾಯಿಯ ವಿಷಯ. ಕೆನ್ನೆಯ ಒಳಭಾಗದಲ್ಲಿ ಕೋಶಗಳು ಪದರ ಪದರವಾಗಿವೆ. ತಳದ ಸಾಲಿನವು ನೆಟ್ಟಗೆ, ಒಂದೇ ದಿಕ್ಕಿಗೆ ನಿಂತಿರಬೇಕು. ಅಡ್ಡಾದಿಡ್ಡಿ ನಿಂತಿದ್ರೆ ಅದು ‘ಡಿಸ್‌ಪ್ಲೇಸಿಯಾ’ದ ಒಂದು ಲಕ್ಷಣ. ಈ ಒಂದು ಸಾಲು ಓದಿ ಕ್ಯಾನ್ಸರ್ ಅಂತ ತೀರ್ಮಾನಿಸಬೇಡಿ. ಹಾಗಂತ ರಿಪೋರ್ಟ್ ಮಡಚಿಡಲೂ ಬೇಡಿ. ಡಿಸ್‌ಪ್ಲೇಸಿಯಾ ಎಲ್ಲರಿಗೂ ಕ್ಯಾನ್ಸರ್ ಆಗಲ್ಲ, ಕೆಲವರಿಗೆ ಆಗುತ್ತೆ. ಅದಕ್ಕೇ ಡಾಕ್ಟರ್ ಹೇಳಿದಾಗೆಲ್ಲ ಹೋಗಿ ತೋರಿಸಬೇಕು.

ಬಾಯಿ ಕ್ಯಾನ್ಸರ್‌ಗೆ ದೊಡ್ಡ ಕಾರಣ ತಂಬಾಕು. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಗಿದೆ. ಆದ್ರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಕೊಂಡರೂ ಎರಡೂ ಸೇರೋದು ಬಾಯಲ್ಲೇ.

ಎರಡು ವಾರ ಕಳೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಇದ್ರೆ ತೋರಿಸಿಕೊಳ್ಳಿ. ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೆ.ಆರ್. ಮಾರುಕಟ್ಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿದೆ. ವಿಜಯನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಹಸಿರು ಮಾರ್ಗ ಹಿಡಿದರೆ ಸಾಕು. ಕಿದ್ವಾಯಿ ಆಸ್ಪತ್ರೆ ಹೊಸೂರು ರಸ್ತೆಯಲ್ಲಿದೆ. ನೋವಿಲ್ಲ ಅಂತ ಸುಮ್ಮನಿರಬೇಡಿ, ಶುರುವಿನಲ್ಲಿ ಇದು ನೋಯೋದೇ ಕಡಿಮೆ.