ಕಿವಿಗೂ ಸಿಕ್ಕ ಕನ್ನಡ

ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಹಾಳೆಯ ಮೇಲೆ ಅಚ್ಚಾದ ಕನ್ನಡಕ್ಕೆ, ಕಣ್ಣಿಗೆ ಸರಿಯಾಗಿ ಕಂಡರೆ ಸಾಕಿತ್ತು. ಕಂಪ್ಯೂಟರಿನ ಮೊದಮೊದಲ ಕನ್ನಡ ಫಾಂಟುಗಳೂ ಅಚ್ಚಿನ ಕೆಲಸವನ್ನೇ ನೆಚ್ಚಿಕೊಂಡವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಪಿ’ ಜಾಗದಲ್ಲಿ ಕ, ‘ಕ್ಯೂ’ ಜಾಗದಲ್ಲಿ ಡ. ತಲೆಕಟ್ಟಿಗೆ ಬೇರೆಯೇ ಸಂಕೇತ. ಅದೇ ಫಾಂಟುಗಳು ಜಾಲತಾಣಗಳಿಗೂ ಬಂದವು. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕಣ್ಣಿಲ್ಲದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ‘ಕನ್ನಡ’ ಎಂಬ ಪದವೇ ಅದಕ್ಕೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಇದಕ್ಕೆ ಪರಿಹಾರ ಆ ಹೊತ್ತಿಗಾಗಲೇ ಹೊಳೆದಿತ್ತು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುತ್ತಿದ್ದರು. ಲಿಪಿಗಳ ಆಕಾರ ಬೇರೆಯಾದರೂ ವರ್ಣಮಾಲೆಯ ಏರ್ಪಾಡು ಬಹುಮಟ್ಟಿಗೆ ಒಂದೇ. ಹಾಗಿದ್ದಮೇಲೆ ಅಕ್ಷರಗಳಿಗೇ ಸಂಕೇತ ಕೊಟ್ಟು, ಉಚ್ಚರಿಸುವ ಕ್ರಮದಲ್ಲೇ ಜೋಡಿಸಿ, ಒತ್ತು ಕಾಗುಣಿತಗಳನ್ನು ಮೂಡಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು! ‘ಕರ್ನಾಟಕ’ವನ್ನೇ ನೋಡಿ. ಅರ್ಕಾವತ್ತನ್ನು ನಾವು ‘ನಾ’ ಆದಮೇಲೆ ಬರೆಯುತ್ತೇವೆ, ನಾಲಿಗೆ ಅದನ್ನು ಮೊದಲೇ ನುಡಿಯುತ್ತದೆ. ಹಳೆಯ ಫಾಂಟು ಕೈಯನ್ನು ಹಿಂಬಾಲಿಸಿತು; ಹೊಸ ಸಂಕೇತ ನಾಲಿಗೆಯನ್ನು. ನನ್ನ ಮಟ್ಟಿಗೆ ಕನ್ನಡದ ಗಣಕೀಕರಣದಲ್ಲಿ ಇದಕ್ಕಿಂತ ದೊಡ್ಡ ಹೊಳಹು ಇನ್ನೊಂದಿಲ್ಲ. ಈ ಹೊಳಹಿನಿಂದ ರೂಪುಗೊಂಡ ಇಸ್ಕಿ ಎಂಬ ಭಾರತೀಯ ಮಾನಕವನ್ನೇ ಆಧರಿಸಿ 1991ರಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಮಾನಕವಾದ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತು.

ಹತ್ತು ವರ್ಷದ ಮೇಲೆ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಯೂನಿಕೋಡ್ ಕನ್ನಡ ಫಾಂಟಿನ ಹೆಸರು ತುಂಗಾ. ಶಿವಮೊಗ್ಗದವರಿಗೆ ಬೇರೆ ಪರಿಚಯ ಬೇಕಿಲ್ಲದ ಹೆಸರು. 2006ರಲ್ಲಿ ಸ್ವತಃ ದೃಷ್ಟಿಯಿಲ್ಲದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು ಶುರುಮಾಡಿದರು. ಜೊನಾಥನ್ ಡಡಿಂಗ್ಟನ್ ಅವರ ಇ-ಸ್ಪೀಕ್ ಅದಕ್ಕೆ ದನಿಯಾಯಿತು. ಆ ದನಿ ಕನ್ನಡವನ್ನೂ ಕಲಿಯಿತು.

ಯೂನಿಕೋಡ್ ಒಂದೇ ಸಾಲದು. ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 1999ರಲ್ಲೇ ನಿಯಮ ಹೇಳಿತ್ತು: ಚಿತ್ರಕ್ಕೆ ಬದಲಿ ಪಠ್ಯ ಇರಲಿ, ಪುಟದ ಭಾಷೆ ಯಾವುದೆಂದು ಸಂಕೇತದಲ್ಲಿ ಸೂಚಿಸಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಡಿಜಿಟಲ್ ಮಾಹಿತಿಯೂ ಸೇರಿದೆ. ಸುಗಮ್ಯತೆಯ ಮಾನಕಗಳು ಕಡ್ಡಾಯವಾಗಬೇಕು, ಬರಿಯ ಶಿಫಾರಸಾಗಬಾರದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು.

ಆದರೂ ಎಷ್ಟೋ ಕನ್ನಡ ಪ್ರಕಟಣೆಗಳು ಇಂದಿಗೂ ಜಾಲತಾಣ ಸೇರುವುದು ಫೋಟೊ ಆಗಿ ಇಲ್ಲವೇ ಸ್ಕ್ಯಾನ್ ಮಾಡಿದ ಹಾಳೆಯಾಗಿ. ಶಿವಮೊಗ್ಗ, ಭದ್ರಾವತಿಗಳಲ್ಲಿ ಶಾಲೆ, ಸಂಘ, ಕಚೇರಿಗಳ ತಾಣ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಆ ಫೋಟೊದ ಕೆಳಗೆ ಅದರಲ್ಲಿರುವುದನ್ನೆಲ್ಲ ಯೂನಿಕೋಡಿನಲ್ಲಿ ಟೈಪ್ ಮಾಡಿ ಹಾಕಿ.