ಬೂತಾಯಿ ಬರಿದಾದರೆ ಗಾಳಕ್ಕೆ ಅಂಜಲ್ ಎಲ್ಲಿಂದ?

ಅಫಜಲಪುರದ ಸೊನ್ನ ಬ್ಯಾರೇಜಿನ ಹಿನ್ನೀರಿರಲಿ, ಜೇವರ್ಗಿ ಬಳಿಯ ಭೀಮಾ ತೀರವಿರಲಿ, ಆಳಂದದ ಅಮರ್ಜಾ ಜಲಾಶಯವಿರಲಿ, ಗಾಳ ಹಾಕುವವರು ಮೊದಲು ನೋಡುವುದು ಸಣ್ಣ ಮೀನು ಎಲ್ಲಿ ಆಡುತ್ತಿದೆ ಎಂದು. ದೊಡ್ಡ ಮೀನು ಅದರ ಬೆನ್ನ ಹಿಂದೆಯೇ ಇರುತ್ತದೆ. ಕಡಲಿನಲ್ಲೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಹವ್ಯಾಸಕ್ಕೆ ಗಾಳ ಹಿಡಿಯುವವರು ಆಸೆಪಡುವ ಅಂಜಲ್ ಎಂಬ ದೊಡ್ಡ ಮೀನು ಬೂತಾಯಿಯಂಥ ಸಣ್ಣ ಮೀನುಗಳನ್ನು ತಿಂದೇ ಬೆಳೆಯುತ್ತದೆ.

ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ. ಬೂತಾಯಿ ಅವನ್ನು ಸೋಸಿ ತಿನ್ನುತ್ತದೆ. ಬರಿಗಣ್ಣಿಗೆ ಕಾಣದ ಆ ಆಹಾರವನ್ನು ದೊಡ್ಡ ಮೀನಿಗೆ ದಾಟಿಸುವ ಮುಖ್ಯ ಕೊಂಡಿ ಇದೇ. ಬೇಟೆಯಾಡುವ ಮೀನು ಒಂದು ಕಿಲೋ ತೂಕ ಹೆಚ್ಚಿಸಿಕೊಳ್ಳಲು ಸುಮಾರು ಹತ್ತು ಕಿಲೋ ಸಣ್ಣ ಮೀನು ಬೇಕು ಎಂಬುದು ಜೀವವಿಜ್ಞಾನದ ಅಂದಾಜು ಲೆಕ್ಕ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂದು, ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಹಿಂದಕ್ಕೆ ತಳ್ಳಿತು. ದೋಣಿ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಇಳಿಸುತ್ತದೆ. ತಳದ ಬಳೆಗಳಲ್ಲಿ ಪೋಣಿಸಿದ ಹಗ್ಗ ಎಳೆದರೆ ಬಲೆಯ ಬುಡ ಸಂಚಿಯಂತೆ ಮುಚ್ಚಿಕೊಳ್ಳುತ್ತದೆ, ಇಡೀ ಹಿಂಡು ಒಳಗೆ. ಅಪಾಯ ಇಲ್ಲೇ ಅಡಗಿದೆ. ಸಂಖ್ಯೆ ಕುಸಿದರೂ ಉಳಿದ ಬೂತಾಯಿ ಮತ್ತೆ ಹಿಂಡುಗಟ್ಟುತ್ತದೆ. ಹಾಗಾಗಿ ಬಲೆ ತುಂಬುತ್ತಲೇ ಇರುತ್ತದೆ, ಕಡಲು ಬರಿದಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಹಿಡಿದದ್ದರಲ್ಲಿ ಒಂದು ಪಾಲು ಮೀನುಹುಡಿ ಕಾರ್ಖಾನೆ ಸೇರಿ ಕೋಳಿ, ಸಿಗಡಿಗಳ ಆಹಾರವಾಗುತ್ತದೆ.

2012ರಲ್ಲಿ ದಾಖಲೆ ಮಟ್ಟ ಮುಟ್ಟಿದ್ದ ದೇಶದ ಬೂತಾಯಿ ಇಳುವರಿ ನಂತರದ ವರ್ಷಗಳಲ್ಲಿ ಕುಸಿಯಿತು. 2021ರಲ್ಲಿ ಕೇರಳಕ್ಕೆ ಸಿಕ್ಕಿದ್ದು ಬರೀ 3,297 ಟನ್. ಎಲ್ಲ ತಪ್ಪನ್ನೂ ಬಲೆಯ ಮೇಲೆ ಹೊರಿಸುವಂತಿಲ್ಲ. ಎಲ್ ನಿನೋ ಎಂಬ ಹವಾಮಾನದ ಏರುಪೇರು, ಕಡಲಿನ ಬಿಸಿಯೂ ಕಾರಣ. ಆದರೆ ಪ್ರಕೃತಿಯೇ ಕೈಕೊಟ್ಟ ವರ್ಷ ಮರಿಗಳನ್ನೂ ಬಾಚಿದರೆ ಚೇತರಿಕೆ ನಿಧಾನವಾಗುತ್ತದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೆನ್‌ಹೇಡನ್ ಎಂಬ ಎಣ್ಣೆಮೀನಿನ ಉದ್ಯಮಕ್ಕೂ, ಅದನ್ನೇ ತಿನ್ನುವ ಪಟ್ಟೆ ಬಾಸ್ ಮೀನಿಗೆ ಗಾಳ ಹಾಕುವ ಹವ್ಯಾಸಿಗಳಿಗೂ ದಶಕಗಳಿಂದ ಜಗಳವಿತ್ತು. 2020ರಲ್ಲಿ ಅಲ್ಲಿನ ಮೀನುಗಾರಿಕಾ ಆಯೋಗ, ಮೆನ್‌ಹೇಡನ್ ಹಿಡಿಯುವ ಮಿತಿಯನ್ನು ಗೊತ್ತುಮಾಡುವಾಗ ಬಾಸ್‌ನಂಥ ಬೇಟೆಯಾಡುವ ಮೀನುಗಳ ಹಸಿವನ್ನೂ ಲೆಕ್ಕಕ್ಕೆ ಹಿಡಿಯಲು ಒಪ್ಪಿತು. ನಮಗೂ ಬೇಕಾದ ಲೆಕ್ಕ ಇದೇ.

ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೆ ರಜೆಯಿದೆ. ಕೇರಳ 2015ರಲ್ಲೇ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ಗೊತ್ತುಮಾಡಿತು. ಇಂಥ ನಿಯಮಗಳು ಮೀನು ಇಳಿಸುವ ದಕ್ಕೆಯಲ್ಲಿ ನಿಜವಾಗಿ ಜಾರಿಯಾಗಬೇಕು. ಮಾರುಕಟ್ಟೆಗೆ ಹೋದಾಗ ಬೆರಳುದ್ದದ ಬೂತಾಯಿ ಕಂಡರೆ ದಯವಿಟ್ಟು ಕೊಳ್ಳಬೇಡಿ. ಭೀಮೆಯಲ್ಲಾದರೂ ಅಷ್ಟೆ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚಬೇಡಿ.