ಕಂತು ಕಟ್ಟಿ ಬೆಳೆದವರು ಬ್ಯಾಂಕ್ ಕೌಂಟರಿನ ಒಳಗೆ ಹೋಗೋದು ಹೇಗೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯೋ ಮನೆಯಲ್ಲಿ ಹುಟ್ಟಿದವರಿಗೆ ಹಣಕಾಸಿನ ಮೊದಲ ಪಾಠ ಕಾಲೇಜಿನಲ್ಲಿ ಆಗೋದಿಲ್ಲ. ಮೇ-ಜೂನ್ ಹೊತ್ತಿಗೆ ನಾಟಿ, ಆಮೇಲೆ ಗೊಬ್ಬರ, ಕೂಲಿ, ಬ್ಯಾರನ್‌ಗೆ ಸೌದೆ, ಹೆಚ್ಚಿನ ಮನೆಗಳಲ್ಲಿ ಇದೆಲ್ಲವೂ ಸಾಲದ ದುಡ್ಡು. ಆದಾಯ ಕಾಣೋದು ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ಶುರುವಾದ ಮೇಲೆ. ಬೇಲ್ ಮಾರಿದ ಹಣದಲ್ಲಿ ಬ್ಯಾಂಕಿನ ಸಾಲ ಮುರಿದುಕೊಂಡು ಉಳಿದದ್ದು ಖಾತೆಗೆ. ಕ್ಯಾಶ್ ಫ್ಲೋ, ರಿಸ್ಕ್, ಬಡ್ಡಿಯ ಹೊರೆ ಅಂತ ಪುಸ್ತಕಗಳು ಹೇಳೋದೆಲ್ಲ ಇದೇ.

ಆದರೆ ಇದೇ ಮನೆಯ ಹುಡುಗ ಬಿ.ಎ. ಮುಗಿಸಿ ಫೈನಾನ್ಸ್ ಲೈನ್‌ಗೆ ಹೋಗ್ತೀನಿ ಅಂದ್ರೆ, 'ನೀನು ಕಾಮರ್ಸ್ ಓದಿಲ್ವಲ್ಲ' ಅಂತಾರೆ. ಇದು ಅರ್ಧ ಸುಳ್ಳು. ಕೆಲವು ದಾರಿ ಬಿಟ್ಟರೆ, ನಮ್ಮ ತಾಲೂಕುಗಳಿಂದ ನಿಜವಾಗಿ ತೆರೆದಿರೋ ಬಾಗಿಲುಗಳು ಕಾಮರ್ಸ್ ಕೇಳೋದೇ ಇಲ್ಲ. ಪ್ರಶ್ನೆ ಇರೋದು, ಯಾವ ಬಾಗಿಲು ನಿಮ್ಮನ್ನು ಎಲ್ಲಿಗೆ ಒಯ್ಯುತ್ತೆ ಅನ್ನೋದರಲ್ಲಿ.

ಸುಲಭವಾಗಿ ತೆರೆಯೋದು ಮೈಕ್ರೋಫೈನಾನ್ಸ್. ಸಾಮಾನ್ಯವಾಗಿ ಪಿಯುಸಿ, ಒಂದು ಬೈಕು, ಡಿಎಲ್ ಇದ್ದರೆ ಫೀಲ್ಡ್ ಆಫೀಸರ್. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತೆ. ಆದರೆ ಕೆಲಸ ಏನು? ವಾರದ ಕಂತೋ ತಿಂಗಳ ಕಂತೋ ವಸೂಲಿ ಮಾಡೋದು. ಬೆಳೆಯ ದುಡ್ಡು ಬರೋದು ವರ್ಷಕ್ಕೊಮ್ಮೆ. ಎಲೆ ಇನ್ನೂ ಬ್ಯಾರನ್ನಿನಲ್ಲಿರುವಾಗ ಕಂತು ಕೇಳಿದರೆ ಕೊಡೋರ ಹತ್ರ ಇರೋದಿಲ್ಲ ಅಂತ ಆ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನ ಅವ್ವನೂ ಇಂಥದ್ದೇ ಒಂದು ಸಂಘದಲ್ಲಿ ಇರಬಹುದು. ಗೊತ್ತಿದ್ದೂ ಕೇಳಬೇಕು, ಯಾಕಂದ್ರೆ ಅವನ ಟಾರ್ಗೆಟ್ ಬರೆದವರಿಗೆ ಹರಾಜಿನ ಕ್ಯಾಲೆಂಡರ್ ಲೆಕ್ಕಕ್ಕಿಲ್ಲ.

2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೆನಪಿರಬಹುದು. ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಕ್ಕೂ ಮೊದಲೇ, 2022ರ ಆರ್‌ಬಿಐ ನಿಯಮಗಳ ಪ್ರಕಾರ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ, ಮನೆಯ ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ದಾಟುವಂತಿಲ್ಲ. ಈ ಕೆಲಸಕ್ಕೆ ಸೇರೋರು ಇದನ್ನು ಬಾಯಿಪಾಠ ಮಾಡಿಕೊಂಡು ಸೇರಿ. ಮನೆ ಬಾಗಿಲಲ್ಲಿ ನಿಂತು ಕೂಗಾಡುವವನು ನೀವು, ಟಾರ್ಗೆಟ್ ಕೊಟ್ಟವರಲ್ಲ. ಪೊಲೀಸ್ ದೂರಿನಲ್ಲಿ ಮೊದಲು ಬರೋ ಹೆಸರೂ ನಿಮ್ಮದೇ.

ಎರಡನೇ ಬಾಗಿಲು ಬ್ಯಾಂಕ್ ಮಿತ್ರ, ಅಂದ್ರೆ ಬಿಸಿನೆಸ್ ಕರೆಸ್ಪಾಂಡೆಂಟ್. ಆರ್‌ಬಿಐ 2006ರಲ್ಲಿ ಇದಕ್ಕೆ ಅವಕಾಶ ಕೊಟ್ಟಿತು. ಸಂಜೀವಿನಿ ಒಕ್ಕೂಟದ ಲೆಕ್ಕ ಬರೆಯೋ ಎಂಬಿಕೆಗಳು, ಸ್ವಸಹಾಯ ಸಂಘದಲ್ಲಿ ವರ್ಷಗಟ್ಟಲೆ ಪುಸ್ತಕ ನೋಡಿಕೊಂಡ ಹೆಣ್ಣುಮಕ್ಕಳು ಇದಕ್ಕೆ ಹೇಳಿ ಮಾಡಿಸಿದವರು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್‌ನ ಸಣ್ಣ ಪರೀಕ್ಷೆ ಒಂದಿದೆ, ಅಷ್ಟೆ. ಎಚ್.ಡಿ. ಕೋಟೆಯ ಹಾಡಿಗಳಿಂದ ಬ್ಯಾಂಕಿಗೆ ಹೋಗಿ ಬರೋಕೆ ಒಂದು ದಿನದ ಕೂಲಿಯೇ ಹೋಗುತ್ತೆ. ಅಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಿದ್ದ ದಿನ ಈ ಹೆಣ್ಣುಮಗಳೇ ಬ್ಯಾಂಕು.

ತೊಡಕು ಎಲ್ಲಿ ಅಂದ್ರೆ, ಕೊಡೋ ನಗದು ಅವಳದೇ. ಜನ ಬೆರಳೊತ್ತಿ ಹಣ ತೆಗೆದಾಗ ಅವಳು ಕೈಯಿಂದ ಕೊಡಬೇಕು, ಆ ಮೊತ್ತ ಅವಳ ಖಾತೆಗೆ ಬರುತ್ತೆ. ಮತ್ತೆ ಬ್ಯಾಂಕಿಗೆ ಹೋಗಿ ನಗದು ತರೋ ಖರ್ಚು, ದಾರಿಯ ಭಯ ಎರಡೂ ಅವಳ ಮೇಲೆ. ಕೂಲಿ ಮಾಡಿ ಬೆರಳಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಆ ವ್ಯವಹಾರಕ್ಕೆ ಕಮಿಷನ್ನೂ ಇಲ್ಲ. ಕೈಯಲ್ಲಿ ಸ್ವಲ್ಪ ಬಂಡವಾಳ ಇಲ್ಲದೆ ಇದಕ್ಕೆ ಇಳೀಬೇಡಿ.

ಮೂರನೆಯದು ಗ್ರಾಮೀಣ ಬ್ಯಾಂಕ್, ಖಾಯಂ ನೌಕರಿ. ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ವಿಲೀನವಾಗಿ ಹೋಯ್ತು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿ. ಆಫೀಸ್ ಅಸಿಸ್ಟೆಂಟ್‌ಗೆ ಯಾವ ಪದವಿ ಆದರೂ ಸರಿ, ಸಂದರ್ಶನ ಇಲ್ಲ. ಪ್ರಿಲಿಮ್ಸ್‌ನಲ್ಲಿ 45 ನಿಮಿಷಕ್ಕೆ 80 ಪ್ರಶ್ನೆ, ರೀಸನಿಂಗ್ ಮತ್ತು ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಈ ಪರೀಕ್ಷೆ ಅಂತ ಘೋಷಿಸಿತು; ಅಲ್ಲಿಯವರೆಗೆ ಇಂಗ್ಲಿಷು, ಹಿಂದಿ ಮಾತ್ರ. ಕೆ.ಆರ್. ನಗರದ ಭತ್ತದ ರೈತನ ಜೊತೆ ಮಾತಾಡೋ ಕೆಲಸಕ್ಕೆ ಅಷ್ಟು ವರ್ಷ ಕನ್ನಡದಲ್ಲಿ ಪರೀಕ್ಷೆಯೇ ಇರಲಿಲ್ಲ!

ಸಣ್ಣ ರೈತರು, ಕೃಷಿ ಕೂಲಿಗಳಿಗೆ ಸಾಲ ಕೊಡಲೆಂದೇ 1976ರ ಕಾಯ್ದೆ ಈ ಬ್ಯಾಂಕುಗಳನ್ನು ಮಾಡಿದ್ದು. ಆದರೂ ಐದು ವರ್ಷ ಬ್ಯಾಂಕ್ ಮಿತ್ರಳಾಗಿದ್ದವಳಿಗೆ ಈ ಪರೀಕ್ಷೆಯಲ್ಲಿ ಒಂದು ಅಂಕವೂ ಹೆಚ್ಚಿಗೆ ಇಲ್ಲ. ಇದು ನನಗೆ ಸರಿ ಅನ್ನಿಸೋದಿಲ್ಲ. ಯುವಜನ ಸಂಘಟನೆಗಳು ಹಿಡಿಯಬೇಕಾದ ಬೇಡಿಕೆ ಇದು. ಭಾಷೆಯ ವಿಷಯ ಕೂಡ ಕೇಳಿ ಕೇಳಿಯೇ ಬಂದದ್ದು.

ಅಲ್ಲಿಯವರೆಗೆ ವಯಸ್ಸಿನ ಮೇಲೆ ಕಣ್ಣಿರಲಿ. ಆಫೀಸ್ ಅಸಿಸ್ಟೆಂಟ್‌ಗೆ ಮಿತಿ 28. ಒಬಿಸಿಗೆ 3 ವರ್ಷ, ಎಸ್‌ಸಿ-ಎಸ್‌ಟಿಗೆ 5 ವರ್ಷ ಸಡಿಲಿಕೆ. ಪಿಯುಸಿ ಮುಗಿಸಿ ಇಪ್ಪತ್ತಕ್ಕೇ ವಸೂಲಿಯ ಬೈಕ್ ಹತ್ತಿದವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಗೆ ಹೆಸರು ಹಚ್ಚಿಕೊಳ್ಳಿ. ಮೂರು ವರ್ಷ ಕಂತಿನ ಸುತ್ತಾಟದಲ್ಲಿ ಹೇಗೂ ಕಳೆಯುತ್ತೆ, ಪದವಿ ಕೈಲಿದ್ದರೆ ಇಪ್ಪತ್ತಮೂರಕ್ಕೆ ಅರ್ಜಿ ಹಾಕಬಹುದು.